ನಾದವಿಜ್ಞಾನಿ ರಾಮನ್

ತುಂಗಭದ್ರೆಯ ಸೀಮೆಗೆ ಸೇರಿದ ಹಂಪಸಾಗರ, ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹರಪನಹಳ್ಳಿಗಳ ಪ್ರದೇಶವು ವಾದ್ಯಗಳ ನೆಲೆವೀಡು. ಇಲ್ಲಿಯ ಜಾತ್ರೆಗಳಲ್ಲಿ ಡೊಳ್ಳು ಮೊಳಗುತ್ತದೆ; ಪುರವಂತರ ಕುಣಿತಕ್ಕೆ ಸಮಾಳದ ಬಡಿತ ಜೊತೆಗೂಡುತ್ತದೆ; ಭಜನೆಯ ಮೇಳಗಳಲ್ಲಿ ಹಾರ್ಮೋನಿಯಂ ಮತ್ತು ತಬಲಗಳು ಇರುಳೆಲ್ಲ ನುಡಿಯುತ್ತವೆ. ಸಮೀಪದ ಹಂಪೆಯ ಮಹಾನವಮಿ ದಿಬ್ಬದ ಕಲ್ಲುಗಳ ಮೇಲೆ ನರ್ತಕಿಯರೊಡನೆ ವಾದ್ಯಗಾರರ ಉಬ್ಬುಶಿಲ್ಪಗಳನ್ನು ಇಂದಿಗೂ ಕಾಣಬಹುದು. ಈಚಿನ ದಿನಗಳಲ್ಲಿ ಈ ವಾದ್ಯಗಳ ನಡುವೆ ಹೊಸದೊಂದು ವಾದ್ಯವೂ ಬಂದು ಕುಳಿತಿದೆ. ಅದು ಸಿಂಥಸೈಜರ್. ಅದಕ್ಕೆ ಚರ್ಮದ ಮುಖವಿಲ್ಲ, ಮಿಡಿಯಲು ತಂತಿಯಿಲ್ಲ, ಗಾಳಿಯೂದುವ ರಂಧ್ರಗಳೂ ಇಲ್ಲ. ಆದರೂ ಒಂದು ಗುಂಡಿಯನ್ನು ಒತ್ತಿದರೆ ಪಿಟೀಲು ಕೇಳಿಸುತ್ತದೆ. ಇನ್ನೊಂದನ್ನು ಒತ್ತಿದರೆ ಮೃದಂಗ ಕೇಳಿಸುತ್ತದೆ. ಒಂದೇ ಪೆಟ್ಟಿಗೆಗೆ ಇಷ್ಟೊಂದು ದನಿಗಳು ಬಂದುದು ಹೇಗೆ?

ಈ ಪ್ರಶ್ನೆಗೆ ಉತ್ತರ ನಾದದ ಸ್ವರೂಪದಲ್ಲಿಯೇ ಇದೆ. ಒಂದು ತಂತಿಯನ್ನು ಮಿಡಿದಾಗ ನಮಗೆ ಕೇಳುವುದು ಒಂದೇ ಸ್ವರವೆಂದು ತೋರುತ್ತದೆ. ವಾಸ್ತವವಾಗಿ ಅದು ಹಲವು ಸ್ವರಗಳ ಕೂಟ. ತಂತಿಯು ತನ್ನ ಉದ್ದಕ್ಕೂ ಕಂಪಿಸಿ ಮೂಲಸ್ವರವನ್ನು ಕೊಡುತ್ತದೆ. ಅದೇ ಕಾಲದಲ್ಲಿ ಎರಡು, ಮೂರು, ನಾಲ್ಕು ಭಾಗಗಳಾಗಿಯೂ ಕಂಪಿಸಿ ಎರಡು ಪಟ್ಟು, ಮೂರು ಪಟ್ಟು, ನಾಲ್ಕು ಪಟ್ಟು ವೇಗದ ಉಪಸ್ವರಗಳನ್ನು ಹೊರಡಿಸುತ್ತದೆ. ಕೊಳಲಿನ ದನಿಗೂ ವೀಣೆಯ ದನಿಗೂ ಇರುವ ಭೇದಕ್ಕೆ ಈ ಉಪಸ್ವರಗಳ ಪ್ರಮಾಣವೇ ಮುಖ್ಯ ಕಾರಣ. ಜರ್ಮನಿಯ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ಇದನ್ನು ವಿಸ್ತಾರವಾಗಿ ನಿರೂಪಿಸಿದರು. ವಿದ್ಯುತ್ತಿನಿಂದ ನುಡಿಯುವ ಹಲವು ಶ್ರುತಿಕವಲುಗಳನ್ನು ಸಾಲಾಗಿ ಇರಿಸಿ, ಅವುಗಳ ದನಿಗಳನ್ನು ಬೇಕಾದಂತೆ ಬೆರೆಸಿ, ಮನುಷ್ಯನ ಸ್ವರಾಕ್ಷರಗಳನ್ನು ಹೋಲುವ ನಾದವನ್ನು ಅವರು ಉಂಟುಮಾಡಿದರು. ಇಂದಿನ ಸಿಂಥಸೈಜರಿನ ಹಿರಿಯರಲ್ಲಿ ಆ ಉಪಕರಣವೂ ಒಂದೆನ್ನಬಹುದು.

ಹೆಲ್ಮ್‌ಹೋಲ್ಟ್ಸರು ನಾದವನ್ನು ಕುರಿತು 1863ರಲ್ಲಿ ಪ್ರಕಟಿಸಿದ ಗ್ರಂಥವನ್ನು ಹಲವು ವರ್ಷಗಳ ಅನಂತರ ಮದರಾಸಿನ ವಿದ್ಯಾರ್ಥಿಯೊಬ್ಬನು ಭಾಷಾಂತರದಲ್ಲಿ ಓದಿ ಬೆರಗಾದನು. ತನ್ನ ಬಾಳನ್ನು ರೂಪಿಸಿದ ಕೆಲವೇ ಪುಸ್ತಕಗಳಲ್ಲಿ ಅದೂ ಒಂದೆಂದು ಮುಂದೆ ಅವನು ಸ್ಮರಿಸಿದನು. ಆ ವಿದ್ಯಾರ್ಥಿಯೇ ಚಂದ್ರಶೇಖರ ವೆಂಕಟರಾಮನ್. ಬೆಳಕಿನ ರಹಸ್ಯವನ್ನು ಕಂಡುಹಿಡಿದವರೆಂದು ಲೋಕವು ಅವರನ್ನು ಬಲ್ಲದು. ಆದರೆ ಬೆಳಕಿಗೆ ಮೊದಲು ಅವರ ಮನಸ್ಸನ್ನು ಬಹುವಾಗಿ ಸೆಳೆದುದು ನಾದ.

ರಾಮನ್ನರು 1888ರ ನವೆಂಬರ್ 7ರಂದು ತಿರುಚಿನಾಪಳ್ಳಿಯಲ್ಲಿ ಜನಿಸಿದರು. ತಂದೆ ಚಂದ್ರಶೇಖರ ಅಯ್ಯರ್ ಉಪಾಧ್ಯಾಯರು. ಗಣಿತ ಮತ್ತು ಭೌತವಿಜ್ಞಾನಗಳಲ್ಲಿ ನುರಿತವರು. ಪಿಟೀಲು ನುಡಿಸುವುದರಲ್ಲಿಯೂ ಆಸಕ್ತರು. ಹೀಗೆ ಬಾಲಕನ ಕಿವಿಗೆ ಸಂಗೀತವೂ ವಿಜ್ಞಾನವೂ ಒಂದೇ ಮನೆಯಲ್ಲಿ ಬಿದ್ದವು. ತಂದೆಗೆ ವಿಶಾಖಪಟ್ಟಣದ ಕಾಲೇಜಿನಲ್ಲಿ ಕೆಲಸ ದೊರೆತುದರಿಂದ ರಾಮನ್ನರ ಬಾಲ್ಯ ಅಲ್ಲಿ ಕಳೆಯಿತು. ಕಿರಿಯ ವಯಸ್ಸಿನಲ್ಲಿಯೇ ಅವರು ಮದರಾಸಿನ ಪ್ರೆಸಿಡೆನ್ಸಿ ಕಾಲೇಜನ್ನು ಸೇರಿ, 1904ರಲ್ಲಿ ಬಿ.ಎ. ಪದವಿಯನ್ನೂ 1907ರಲ್ಲಿ ಎಂ.ಎ. ಪದವಿಯನ್ನೂ ಉನ್ನತ ದರ್ಜೆಯಲ್ಲಿ ಪಡೆದರು. ಅವರ ಮೊದಲ ಸಂಶೋಧನ ಲೇಖನ 1906ರಲ್ಲಿಯೇ ಇಂಗ್ಲೆಂಡಿನ ಪತ್ರಿಕೆಯೊಂದರಲ್ಲಿ ಅಚ್ಚಾಗಿತ್ತು.

ಆ ಕಾಲದಲ್ಲಿ ನಮ್ಮ ದೇಶದ ತರುಣನೊಬ್ಬನು ವಿಜ್ಞಾನವನ್ನೇ ನಂಬಿ ಜೀವನ ನಡೆಸುವುದು ಸುಲಭವಾಗಿರಲಿಲ್ಲ. ರಾಮನ್ನರು ಸರ್ಕಾರದ ಹಣಕಾಸು ಇಲಾಖೆಯ ಪರೀಕ್ಷೆಯಲ್ಲಿ ಉತ್ತೀರ್ಣರಾಗಿ, 1907ರಲ್ಲಿ ಕಲ್ಕತ್ತೆಯಲ್ಲಿ ಅಧಿಕಾರಿಯಾಗಿ ನೇಮಕಗೊಂಡರು. ಆ ವೇಳೆಗೆ ಅವರಿಗೆ ಲೋಕಸುಂದರಿಯವರೊಡನೆ ವಿವಾಹವಾಗಿತ್ತು. ಆಕೆ ವೀಣಾವಾದನದಲ್ಲಿ ಪರಿಶ್ರಮವಿದ್ದವರು. ಕಲ್ಕತ್ತೆಯ ಬೌಬಜಾರ್ ಬೀದಿಯಲ್ಲಿ ಮಹೇಂದ್ರಲಾಲ್ ಸರ್ಕಾರರು 1876ರಲ್ಲಿ ಸ್ಥಾಪಿಸಿದ್ದ ವಿಜ್ಞಾನ ಸಂಸ್ಥೆಯೊಂದಿತ್ತು. ರಾಮನ್ನರು ಅಲ್ಲಿಗೆ ಹೋಗಿ ಸಂಶೋಧನೆಗೆ ಅವಕಾಶವನ್ನು ಬೇಡಿ ಪಡೆದರು. ಬೆಳಗ್ಗೆ ಕಚೇರಿಗೆ ಮೊದಲು, ಸಂಜೆ ಕಚೇರಿಯ ಅನಂತರ, ರಾತ್ರಿ ಬಹು ಹೊತ್ತಿನವರೆಗೆ ಅವರ ಪ್ರಯೋಗಗಳು ಸಾಗಿದವು. ಹಗಲು ಲೆಕ್ಕಪತ್ರ, ಉಳಿದ ಹೊತ್ತು ತಂತಿಗಳ ಕಂಪನ: ಸುಮಾರು ಹತ್ತು ವರ್ಷಗಳು ಅವರ ಜೀವನ ಹೀಗೆಯೇ ನಡೆಯಿತು.

ಕೊನೆಗೆ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕಾದ ಸಮಯ ಬಂದಿತು. ಕಲ್ಕತ್ತ ವಿಶ್ವವಿದ್ಯಾನಿಲಯವು ಅವರಿಗೆ ಪಾಲಿತ್ ಪ್ರಾಧ್ಯಾಪಕ ಪೀಠವನ್ನು ನೀಡಲು ಮುಂದೆ ಬಂದಿತು. ಪ್ರಾಧ್ಯಾಪಕನ ಸಂಬಳ ಹಣಕಾಸು ಇಲಾಖೆಯ ಸಂಬಳಕ್ಕಿಂತ ಬಹಳ ಕಡಿಮೆ. ಸರ್ಕಾರಿ ಹುದ್ದೆಯಲ್ಲಿ ಇನ್ನೂ ಮೇಲಕ್ಕೆ ಏರುವ ಅವಕಾಶ ಕಣ್ಣೆದುರಿಗಿತ್ತು. ಆದರೂ ರಾಮನ್ನರು 1917ರಲ್ಲಿ ಅಧಿಕಾರವನ್ನು ತೊರೆದು ಪ್ರಾಧ್ಯಾಪಕರಾದರು. ಮರುವರ್ಷವೇ ಕಮಾನಿನಿಂದ ನುಡಿಸುವ ತಂತಿಗಳ ಕಂಪನವನ್ನು ಕುರಿತು ಅವರ ದೊಡ್ಡ ಪ್ರಬಂಧ ಹೊರಬಂದಿತು. ಪಿಟೀಲನ್ನು ನುಡಿಸುವ ಒಂದು ಯಂತ್ರವನ್ನೂ ಅವರು ರಚಿಸಿದರು. ಮನುಷ್ಯನ ಕೈ ಪ್ರತಿ ಸಲವೂ ಒಂದೇ ಸಮನಾಗಿ ಕಮಾನನ್ನು ಎಳೆಯಲಾರದು. ಯಂತ್ರದಲ್ಲಾದರೋ ಕಮಾನಿನ ಒತ್ತಡ, ವೇಗ ಮತ್ತು ಅದು ತಂತಿಯನ್ನು ಮುಟ್ಟುವ ಸ್ಥಾನಗಳನ್ನು ಬೇಕಾದಂತೆ ನಿಯಮಿಸಿ ಅಳೆಯಬಹುದು. ಸಂಗೀತಗಾರನು ಅನುಭವದಿಂದ ಬಲ್ಲ ಸಂಗತಿಯು ಹೀಗೆ ಅಂಕಿಗಳಲ್ಲಿ ವ್ಯಕ್ತವಾಯಿತು.

ಆದರೆ ರಾಮನ್ನರ ನಾದಸಂಶೋಧನೆಯಲ್ಲಿ ಅತ್ಯಂತ ಸ್ವಾರಸ್ಯಕರವಾದ ಭಾಗ ನಮ್ಮ ಮೃದಂಗ ಮತ್ತು ತಬಲಗಳಿಗೆ ಸಂಬಂಧಿಸಿದುದು. ಪಾಶ್ಚಾತ್ಯ ವಿಜ್ಞಾನವು ಅಂದು ಚರ್ಮವಾದ್ಯಗಳಿಗೆ ಸಂಗೀತದಲ್ಲಿ ಕೆಳಗಿನ ಸ್ಥಾನವನ್ನೇ ಕೊಟ್ಟಿತ್ತು. ಅದಕ್ಕೆ ಗಣಿತದ ಆಧಾರವೂ ಇತ್ತು. ತಂತಿಯ ಉಪಸ್ವರಗಳು 1, 2, 3, 4 ಎಂಬ ಕ್ರಮದಲ್ಲಿ ಮೂಲಸ್ವರಕ್ಕೆ ಹೊಂದಿಕೊಂಡಿರುತ್ತವೆ. ದುಂಡಾದ ಬಳೆಗೆ ಎಳೆದು ಬಿಗಿದ ಚರ್ಮದ ಉಪಸ್ವರಗಳಾದರೋ 1, 1.59, 2.14, 2.30, 2.65 ಎಂದು ಅಡ್ಡಾದಿಡ್ಡಿಯಾಗಿ ಹೊರಡುತ್ತವೆ. ಅವು ಒಂದಕ್ಕೊಂದು ಹೊಂದುವುದಿಲ್ಲ. ಆದುದರಿಂದ ಅಂತಹ ಚರ್ಮದಿಂದ ಸದ್ದು ಬರುತ್ತದೆಯೇ ಹೊರತು ಇನಿದಾದ ಸ್ವರ ಬರಲಾರದೆಂಬುದು ಪಂಡಿತರ ತೀರ್ಮಾನ. ಆದರೆ ನಮ್ಮ ಮೃದಂಗವನ್ನು ಗಾಯಕನ ಷಡ್ಜಕ್ಕೆ ಶ್ರುತಿಗೂಡಿಸುತ್ತಾರೆ. ಅದರ ನಾದ ಕೊರಳಿನೊಡನೆ ಬೆರೆಯುತ್ತದೆ. ಪಂಡಿತರ ಗಣಿತ ಸರಿಯಾಗಿದ್ದರೆ ಇದು ಆಗಬಾರದು. ಗಣಿತವೂ ತಪ್ಪಲ್ಲ, ಕಿವಿಯೂ ತಪ್ಪಲ್ಲ ಎಂದಾದರೆ ಮೃದಂಗದ ಚರ್ಮದಲ್ಲಿಯೇ ಏನೋ ವಿಶೇಷವಿರಬೇಕು.

ಆ ವಿಶೇಷವು ಎಲ್ಲರ ಕಣ್ಣಿಗೂ ಕಾಣುವಂತೆಯೇ ಇತ್ತು. ಅದು ಮೃದಂಗದ ಬಲಮುಖದ ನಡುವೆ ಇರುವ ಕರಣೆ. ತಬಲದಲ್ಲಿ ಇದನ್ನೇ ಶಾಯಿ ಎನ್ನುತ್ತಾರೆ. ಕಬ್ಬಿಣದ ಅಂಶವುಳ್ಳ ಕಪ್ಪು ಪುಡಿಯನ್ನು ಅನ್ನದ ಅಂಟಿನೊಡನೆ ಕಲಸಿ, ತೆಳುವಾದ ಪದರಗಳಾಗಿ ಒಂದರ ಮೇಲೊಂದನ್ನು ಹಚ್ಚಿ, ಪ್ರತಿ ಪದರವನ್ನೂ ನುಣುಪು ಕಲ್ಲಿನಿಂದ ಉಜ್ಜಿ ಕರಣೆಯನ್ನು ಸಿದ್ಧಗೊಳಿಸುತ್ತಾರೆ. ಅದು ನಡುವೆ ದಪ್ಪವಾಗಿಯೂ ಅಂಚಿನ ಕಡೆಗೆ ತೆಳುವಾಗಿಯೂ ಇರುತ್ತದೆ. ಪದರಗಳನ್ನು ಹಚ್ಚುತ್ತ ಹಚ್ಚುತ್ತ ಕೆಲಸಗಾರನು ಬೆರಳಿನಿಂದ ತಟ್ಟಿ ಕೇಳಿ, ಸಾಕೋ ಬೇಕೋ ಎಂಬುದನ್ನು ನಿಶ್ಚಯಿಸುತ್ತಾನೆ. ಅವನ ಬಳಿ ಅಳತೆಯ ಸಾಧನವಿಲ್ಲ; ಕಿವಿಯೇ ಅವನ ಅಳತೆಗೋಲು.

ರಾಮನ್ನರು ತಮ್ಮ ಸಹಕಾರಿ ಶಿವಕಾಳಿ ಕುಮಾರರೊಡನೆ ಈ ವಾದ್ಯಗಳನ್ನು ಪರೀಕ್ಷಿಸಿ, 1920ರಲ್ಲಿ ನೇಚರ್ ಎಂಬ ಪ್ರಸಿದ್ಧ ಪತ್ರಿಕೆಯಲ್ಲಿ ಒಂದು ಕಿರುಲೇಖನವನ್ನು ಪ್ರಕಟಿಸಿದರು. ಅದೇ ವಿಷಯವನ್ನು 1934ರಲ್ಲಿ ಮತ್ತಷ್ಟು ವಿಸ್ತರಿಸಿ ಬರೆದರು. ಪ್ರಯೋಗದ ವಿಧಾನ ಸರಳವಾದುದು. ವಾದ್ಯದ ಮುಖದ ಮೇಲೆ ನುಣ್ಣನೆಯ ಮರಳನ್ನು ಉದುರಿಸಿ, ತಕ್ಕ ಸ್ಥಳದಲ್ಲಿ ಬೆರಳನ್ನು ಹಗುರವಾಗಿ ಇಟ್ಟು, ಬೇರೊಂದು ಕಡೆ ತಟ್ಟಿದರೆ ಮರಳು ಕುಣಿದು ಕಂಪನವಿಲ್ಲದ ಗೆರೆಗಳ ಮೇಲೆ ಬಂದು ನಿಲ್ಲುತ್ತದೆ. ಆ ಗೆರೆಗಳಿಂದ ಚರ್ಮವು ಹೇಗೆ ಭಾಗಭಾಗವಾಗಿ ಕಂಪಿಸುತ್ತಿದೆ ಎಂಬುದು ತಿಳಿಯುತ್ತದೆ. ಹೀಗೆ ನೋಡಿದಾಗ ಮೃದಂಗದ ಚರ್ಮದ ಮೊದಲ 9 ಬಗೆಯ ಕಂಪನಗಳು 9 ಬೇರೆ ಬೇರೆ ಸ್ವರಗಳನ್ನು ಕೊಡದೆ 5 ಸ್ವರಗಳಾಗಿ ಕೂಡಿಕೊಳ್ಳುತ್ತವೆಂದು ಕಂಡುಬಂದಿತು. ಆ 5 ಸ್ವರಗಳು 1, 2, 3, 4, 5 ಎಂಬ ಕ್ರಮದಲ್ಲಿ, ತಂತಿಯ ಉಪಸ್ವರಗಳಂತೆಯೇ ಹೊಂದಿಕೊಂಡಿದ್ದವು. ಕರಣೆಯ ಭಾರವು ಚರ್ಮದ ಅಡ್ಡಾದಿಡ್ಡಿ ದನಿಗಳನ್ನು ತಿದ್ದಿ ಸಾಲಿಗೆ ತಂದಿತ್ತು. ಅಂಚಿನ ಸುತ್ತ ಹೊದಿಸಿದ ಚರ್ಮದ ಪಟ್ಟಿಯೂ ಈ ಕಾರ್ಯಕ್ಕೆ ನೆರವಾಗುತ್ತಿತ್ತು.

ಈ ಸಂಶೋಧನೆಯ ಬೆಲೆ ದೊಡ್ಡದು. ಹೆಸರು ಉಳಿಯದ ಅದೆಷ್ಟೋ ಮಂದಿ ಚರ್ಮದ ಕೆಲಸಗಾರರು ತಲೆತಲಾಂತರದಿಂದ ಕೈಗೂ ಕಿವಿಗೂ ಒಪ್ಪಿಸಿಕೊಂಡು ಬಂದ ವಿದ್ಯೆಯು ಕೇವಲ ರೂಢಿಯಲ್ಲ, ಶಾಸ್ತ್ರಶುದ್ಧವಾದ ಸಾಧನೆ ಎಂಬುದು ಅದರಿಂದ ಸಿದ್ಧವಾಯಿತು. ಸಮಾಜವು ಯಾರನ್ನು ಬಹುಕಾಲ ದೂರವಿರಿಸಿತ್ತೋ ಅವರ ಕೈಯಲ್ಲಿಯೇ ಈ ಕಠಿಣ ಸಮಸ್ಯೆಗೆ ಪರಿಹಾರ ದೊರೆತಿತ್ತು. ರಾಮನ್ನರು ಅವರ ವಿದ್ಯೆಗೆ ವಿಜ್ಞಾನದ ಸಭೆಯಲ್ಲಿ ಸಾಕ್ಷಿಯಾದರು.

ವೀಣೆ ಮತ್ತು ತಂಬೂರಿಗಳನ್ನೂ ಅವರು ಬಿಡಲಿಲ್ಲ. ತಂತಿಯನ್ನು ಯಾವ ಸ್ಥಾನದಲ್ಲಿ ಮಿಡಿದರೆ ಯಾವ ಉಪಸ್ವರ ಅಡಗಬೇಕೆಂಬುದಕ್ಕೆ ಹೆಲ್ಮ್‌ಹೋಲ್ಟ್ಸರ ಕಾಲದಿಂದ ಒಂದು ನಿಯಮವಿತ್ತು. ನಮ್ಮ ತಂಬೂರಿಯಲ್ಲಿ ಆ ನಿಯಮದಂತೆ ಅಡಗಬೇಕಾದ ಉಪಸ್ವರವೂ ಸ್ಪಷ್ಟವಾಗಿ ಕೇಳುತ್ತದೆ. ತಂತಿಯು ಅಗಲವಾದ ಕುದುರೆಯನ್ನು ಸವರಿಕೊಂಡು ಹೋಗುವುದೂ, ತಂಬೂರಿಯಲ್ಲಿ ತಂತಿಗೂ ಕುದುರೆಗೂ ನಡುವೆ ಸೇರಿಸುವ ಜೀವಾಳವೆಂಬ ನೂಲೂ ಇದಕ್ಕೆ ಕಾರಣವೆಂದು ಅವರು 1921ರಲ್ಲಿ ತೋರಿಸಿದರು. ಈ ಕ್ಷೇತ್ರದಲ್ಲಿ ಅವರಿಗಿದ್ದ ಅಧಿಕಾರವನ್ನು ಮನ್ನಿಸಿ, ಜರ್ಮನಿಯಲ್ಲಿ ಪ್ರಕಟವಾಗುತ್ತಿದ್ದ ಭೌತವಿಜ್ಞಾನದ ಮಹಾಕೋಶಕ್ಕೆ ಸಂಗೀತವಾದ್ಯಗಳ ಅಧ್ಯಾಯವನ್ನು ಬರೆದುಕೊಡಲು ಅವರನ್ನೇ ಕೇಳಿಕೊಂಡರು. ಅದು 1927ರಲ್ಲಿ ಅಚ್ಚಾಯಿತು.

ಅನಂತರದ ಕಥೆ ಸುಪರಿಚಿತವಾದುದು. 1921ರಲ್ಲಿ ಸಮುದ್ರಯಾನ ಮಾಡಿದಾಗ ಕಂಡ ಕಡಲಿನ ನೀಲಿಯು ಅವರನ್ನು ಬೆಳಕಿನ ಚದರಿಕೆಯ ಅಧ್ಯಯನಕ್ಕೆ ಎಳೆಯಿತು. 1928ರ ಫೆಬ್ರವರಿ 28ರಂದು ರಾಮನ್ ಪರಿಣಾಮವು ಬೆಳಕಿಗೆ ಬಂದಿತು; 1930ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದ ನಿರ್ದೇಶಕರಾಗಿ ಬಂದ ರಾಮನ್ನರು ಕನ್ನಡನಾಡಿನವರೇ ಆಗಿಬಿಟ್ಟರು. ಮೃದಂಗವನ್ನು ಕುರಿತ ಅವರ ವಿಸ್ತಾರವಾದ ಲೇಖನ ಪ್ರಕಟವಾದುದು ಇಲ್ಲಿಗೆ ಬಂದ ಮರುವರ್ಷ, ಅವರೇ ಸ್ಥಾಪಿಸಿದ ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ. ನಿರ್ದೇಶಕ ಪದವಿಯನ್ನು 1937ರಲ್ಲಿ ಬಿಡಬೇಕಾಗಿ ಬಂದರೂ ಅವರು ಊರನ್ನು ಬಿಡಲಿಲ್ಲ; ಪ್ರಾಧ್ಯಾಪಕರಾಗಿ ಮುಂದುವರಿದು, 1948ರಲ್ಲಿ ಮೈಸೂರು ಮಹಾರಾಜರು ದಾನವಾಗಿ ನೀಡಿದ್ದ ನೆಲದಲ್ಲಿ ತಮ್ಮದೇ ಸಂಶೋಧನ ಮಂದಿರವನ್ನು ತೆರೆದರು. 1954ರಲ್ಲಿ ಭಾರತರತ್ನ ಪ್ರಶಸ್ತಿ ಅವರಿಗೆ ಸಂದಿತು. 1970ರ ನವೆಂಬರ್ 21ರಂದು ಬೆಂಗಳೂರಿನಲ್ಲಿ ಅವರು ತೀರಿಕೊಂಡರು. ಅವರ ಅಂತ್ಯಕ್ರಿಯೆಯು ಆ ಮಂದಿರದ ತೋಟದಲ್ಲಿಯೇ ನಡೆಯಿತು. ಆ ಸ್ಥಳದಲ್ಲಿ ಸ್ಮಾರಕಶಿಲೆಯಿಲ್ಲ. ಒಂದು ಮರ ಬೆಳೆದಿದೆ.

ಅವರ ಕೊನೆಯ ವರ್ಷಗಳಲ್ಲಿ ದೂರದ ಅಮೆರಿಕದಲ್ಲಿ ನಾದದ ಹೊಸ ಯಂತ್ರಗಳು ತಲೆಯೆತ್ತಿದ್ದವು. ರಾಬರ್ಟ್ ಮೂಗ್ ಎಂಬುವರು 1964ರಲ್ಲಿ ವಿದ್ಯುತ್ತಿನ ಏರಿಳಿತದಿಂದ ಸ್ವರದ ಎತ್ತರ, ಗಾತ್ರ ಮತ್ತು ಬಣ್ಣಗಳನ್ನು ನಿಯಂತ್ರಿಸುವ ಸಿಂಥಸೈಜರನ್ನು ರೂಪಿಸಿದರು. ನುಡಿಯಬೇಕಾದ ಸ್ವರಗಳನ್ನೂ ಪೆಟ್ಟುಗಳನ್ನೂ ಮೊದಲೇ ಸಾಲಾಗಿ ಹೊಂದಿಸಿಟ್ಟು, ಅದೇ ಕ್ರಮದಲ್ಲಿ ಮತ್ತೆ ಮತ್ತೆ ನುಡಿಸುವ ಸೀಕ್ವೆನ್ಸರ್ ಬಳಕೆಗೆ ಬಂದಿತು. ನಿಜವಾದ ವಾದ್ಯದ ಒಂದೊಂದು ದನಿಯನ್ನೂ ಮುದ್ರಿಸಿ, ಬೇಕಾದಾಗ ತೆಗೆದು ಬಳಸುವ ಸ್ಯಾಂಪಲ್ ಪದ್ಧತಿಯೂ ಬೆಳೆಯಿತು. 1970ರ ದಶಕದ ಕೊನೆಯ ವೇಳೆಗೆ ಬೆಂಗಳೂರಿನಲ್ಲಿಯೇ ವಿದ್ಯುನ್ಮಾನ ಶ್ರುತಿಪೆಟ್ಟಿಗೆಗಳು ತಯಾರಾಗತೊಡಗಿದವು. ಮುದ್ರಿಸಿದ ದನಿಯನ್ನು ಬಳಸುವವನಿಗೆ ಒಳ್ಳೆಯ ಮೃದಂಗವೂ ಅದನ್ನು ನುಡಿಸುವ ಕೈಯೂ ಬೇಕು. ದನಿಯನ್ನು ಮೊದಲಿನಿಂದ ಕಟ್ಟಹೊರಟವನಿಗೆ ಉಪಸ್ವರಗಳ ಲೆಕ್ಕ ಬೇಕು. ಬರಿಯ ಚರ್ಮದ ಲೆಕ್ಕವನ್ನು ಹಿಡಿದು ಹೊರಟರೆ ಅವನಿಗೆ ಸದ್ದು ಸಿಕ್ಕೀತು, ಮೃದಂಗ ಸಿಕ್ಕದು.

ಇಂದು ನಗರದ ಧ್ವನಿಮುದ್ರಣ ಮಂದಿರದಲ್ಲಿರಲಿ, ಹಂಪಸಾಗರದಂತಹ ಊರಿನ ವೇದಿಕೆಯ ಮೇಲಿರಲಿ, ಯಂತ್ರದ ಗುಂಡಿಯನ್ನು ಒತ್ತಿದಾಗ ಕೇಳುವ ತಬಲದ ಇನಿದನಿಯ ಹಿಂದೆ ಅನ್ನದ ಅಂಟು, ಕಪ್ಪು ಪುಡಿ ಮತ್ತು ಉಜ್ಜುವ ಕಲ್ಲುಗಳ ಒಂದು ದೀರ್ಘ ಪರಂಪರೆಯಿದೆ. ಎಲ್ಲರೂ ದಿನವೂ ನೋಡುತ್ತಿದ್ದ ಆ ಕಪ್ಪು ಬೊಟ್ಟನ್ನು ಕಂಡು, ಅದು ಅಲ್ಲಿ ಏಕಿದೆ ಎಂದು ಕೇಳಿ, ಉತ್ತರ ದೊರೆಯುವವರೆಗೆ ದುಡಿದವರು ರಾಮನ್ನರು. ಹತ್ತಿರದ ವಸ್ತುವನ್ನು ಆದರದಿಂದಲೂ ಕುತೂಹಲದಿಂದಲೂ ನೋಡುವ ಈ ಗುಣವು ಅವರ ಜೀವನದಿಂದ ನಾವು ಕಲಿಯಬೇಕಾದ ಮುಖ್ಯ ಪಾಠವಾಗಿದೆ.