ಮತ್ಸುಯೆಯ ಇಂಗ್ಲಿಷ್ ಮೇಷ್ಟ್ರು ಲಾಫ್ಕಾಡಿಯೊ ಹರ್ನ್

ಶಾಲೆಯ ಸುವರ್ಣ ಮಹೋತ್ಸವದ ಸಂಚಿಕೆ ಎಂದ ಮೇಲೆ ಅದರಲ್ಲಿ ಆದರ್ಶ ಶಿಕ್ಷಕರೊಬ್ಬರ ಜೀವನಚಿತ್ರ ಇರಲೇಬೇಕು. ಎಲ್ಲರಿಗೂ ತಿಳಿದಿರುವ ಹೆಸರುಗಳ ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ನಾನು ಇಲ್ಲಿ ಪರಿಚಯಿಸಲಿರುವವರು ಶಿಕ್ಷಕ ತರಬೇತಿ ಪಡೆದವರಲ್ಲ, ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿ ಓದಿದವರೂ ಅಲ್ಲ. ಪಾಠ ಮಾಡಬೇಕಾಗಿದ್ದ ಮಕ್ಕಳ ಭಾಷೆಯೂ ಅವರಿಗೆ ಬರುತ್ತಿರಲಿಲ್ಲ. ನಲವತ್ತನೆಯ ವಯಸ್ಸಿನಲ್ಲಿ, ಒಂದೇ ಕಣ್ಣಿನ ದೃಷ್ಟಿಯೊಂದಿಗೆ, ದೂರದ ಜಪಾನಿನ ಒಂದು ಸಣ್ಣ ಊರಿನ ಸರ್ಕಾರಿ ಶಾಲೆಗೆ ಇಂಗ್ಲಿಷ್ ಕಲಿಸಲು ಹೋದವರು ಅವರು. ಹೆಸರು ಲಾಫ್ಕಾಡಿಯೊ ಹರ್ನ್. ಜಪಾನೀಯರಿಗೆ ಅವರು ಕೊಯಿಜುಮಿ ಯಾಕುಮೊ.

ಹರ್ನ್ ಹುಟ್ಟಿದ್ದು 1850ರ ಜೂನ್ 27ರಂದು, ಗ್ರೀಸಿನ ಲೆಫ್ಕಾಡಾ ದ್ವೀಪದಲ್ಲಿ. ಆ ದ್ವೀಪದ ಹೆಸರೇ ಮಗುವಿನ ಹೆಸರಾಯಿತು. ತಂದೆ ಬ್ರಿಟಿಷ್ ಸೈನ್ಯದಲ್ಲಿ ವೈದ್ಯರಾಗಿದ್ದ ಐರಿಷ್ ವ್ಯಕ್ತಿ, ತಾಯಿ ರೋಸಾ ಗ್ರೀಕ್ ಹೆಣ್ಣುಮಗಳು. ಮಗುವಿಗೆ ಎರಡು ವರ್ಷವಾದಾಗ ತಾಯಿ ಮಗ ಇಬ್ಬರೂ ಡಬ್ಲಿನ್ನಿನ ತಂದೆಯ ಮನೆಗೆ ಬಂದರು. ಆ ಚಳಿ, ಆ ಭಾಷೆ, ಆ ಜನ ರೋಸಾಗೆ ಒಗ್ಗಲಿಲ್ಲ. 1854ರಲ್ಲಿ ಆಕೆ ಮಗನನ್ನು ಬಿಟ್ಟು ಗ್ರೀಸಿಗೆ ಮರಳಿದರು. ಆಗ ಹುಡುಗನಿಗೆ ನಾಲ್ಕು ವರ್ಷ. ಮತ್ತೆಂದೂ ಅವನು ತಾಯಿಯ ಮುಖ ನೋಡಲಿಲ್ಲ. ಓದುಗರು ಈ ನಾಲ್ಕು ವರ್ಷದ ಲೆಕ್ಕವನ್ನು ನೆನಪಿನಲ್ಲಿಟ್ಟುಕೊಳ್ಳಬೇಕು, ಮುಂದೆ ಒಂದು ತರಗತಿಯಲ್ಲಿ ಅದು ಮತ್ತೆ ಬರುತ್ತದೆ.

ತಂದೆ ತಾಯಿಯ ಮದುವೆ ಮುರಿದುಬಿತ್ತು. ಹುಡುಗನನ್ನು ಸಾಕಿದ್ದು ತಂದೆಯ ಕಡೆಯ ಒಬ್ಬ ಮುದುಕಿ. ಇಂಗ್ಲೆಂಡಿನ ವಸತಿಶಾಲೆಯಲ್ಲಿ ಓದುತ್ತಿದ್ದಾಗ, ಹದಿನಾರನೆಯ ವಯಸ್ಸಿನಲ್ಲಿ, ಆಟದ ಮೈದಾನದಲ್ಲಿ ಪೆಟ್ಟು ಬಿದ್ದು ಎಡಗಣ್ಣು ಹೋಯಿತು. ಬಲಗಣ್ಣಿಗೂ ದೂರದ್ದು ಕಾಣುತ್ತಿರಲಿಲ್ಲ. ಜೀವನಪೂರ್ತಿ ಅವರು ಫೋಟೊ ತೆಗೆಸಿಕೊಳ್ಳುವಾಗ ಎಡಭಾಗ ಕಾಣದಂತೆ ಮುಖ ತಿರುಗಿಸುತ್ತಿದ್ದರು ಇಲ್ಲವೇ ತಲೆ ತಗ್ಗಿಸುತ್ತಿದ್ದರು. ಸಾಕಿದ ಮುದುಕಿ ಆಸ್ತಿ ಕಳೆದುಕೊಂಡ ಮೇಲೆ ಓದು ನಿಂತಿತು. 1869ರಲ್ಲಿ, ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಅವರನ್ನು ಅಮೆರಿಕಕ್ಕೆ ಹಡಗು ಹತ್ತಿಸಿದರು. ಅಲ್ಲಿ ಕಡುಬಡತನವನ್ನು ಕಂಡು, ಹೇಗೋ ಪತ್ರಿಕಾ ವರದಿಗಾರರಾದರು. ಕಪ್ಪು ಜನಾಂಗದ ಮಹಿಳೆಯೊಬ್ಬರನ್ನು ಮದುವೆಯಾದರು. ಆಗಿನ ಒಹಾಯೊ ರಾಜ್ಯದ ಕಾನೂನು ಅಂಥ ಮದುವೆಗೆ ಒಪ್ಪುತ್ತಿರಲಿಲ್ಲವಾದ್ದರಿಂದ ಕೆಲಸವೂ ಹೋಯಿತು. ಆ ಸಂಸಾರ ಬಹಳ ಕಾಲ ಉಳಿಯಲಿಲ್ಲ. ಮುಂದೆ ಹತ್ತು ವರ್ಷ ನ್ಯೂ ಆರ್ಲಿಯನ್ಸ್, ಆಮೇಲೆ ಎರಡು ವರ್ಷ ಮಾರ್ಟಿನಿಕ್ ದ್ವೀಪ. 1890ರ ಏಪ್ರಿಲ್‌ನಲ್ಲಿ ಅಮೆರಿಕದ ಒಂದು ಪತ್ರಿಕೆಗೆ ಲೇಖನ ಬರೆಯುವ ಒಪ್ಪಂದದ ಮೇಲೆ ಜಪಾನಿನ ಯೊಕೊಹಾಮಾ ಬಂದರಿನಲ್ಲಿ ಇಳಿದರು. ಇಳಿದ ಕೆಲವೇ ದಿನಗಳಲ್ಲಿ ಸಂಭಾವನೆಯ ವಿಷಯಕ್ಕೆ ಜಗಳವಾಡಿ ಆ ಒಪ್ಪಂದವನ್ನೂ ಮುರಿದುಕೊಂಡರು. ಮನುಷ್ಯ ಸ್ವಲ್ಪ ಮುಂಗೋಪಿ, ಅದನ್ನು ಮುಚ್ಚಿಡಬೇಕಾಗಿಲ್ಲ.

ಹಾಗೆ ಪರದೇಶದಲ್ಲಿ ಕೈ ಬರಿದಾಗಿ ನಿಂತಾಗ, ಪರಿಚಯದವರ ನೆರವಿನಿಂದ ಸಿಕ್ಕಿದ್ದು ಮೇಷ್ಟ್ರ ಕೆಲಸ. ಊರು ಶಿಮಾನೆ ಪ್ರಾಂತ್ಯದ ಮತ್ಸುಯೆ, ಸಂಬಳ ತಿಂಗಳಿಗೆ 100 ಯೆನ್. ರೈಲು ನಿಲ್ದಾಣದಿಂದ ಮುಂದಕ್ಕೆ ನಾಲ್ಕು ದಿನ ಮನುಷ್ಯರೆಳೆಯುವ ರಿಕ್ಷಾದಲ್ಲಿ ಬೆಟ್ಟಗಳನ್ನು ದಾಟಿ ಅಲ್ಲಿಗೆ ತಲುಪಬೇಕಿತ್ತು. ಆಗಸ್ಟ್ ಕೊನೆಯಲ್ಲಿ ಊರು ಸೇರಿದ ಹರ್ನ್ ಅವರು ಸೆಪ್ಟೆಂಬರ್ ಮೊದಲ ವಾರದಲ್ಲಿ ಅಲ್ಲಿನ ಮಾಧ್ಯಮಿಕ ಶಾಲೆಯಲ್ಲಿಯೂ, ಪಕ್ಕದ ಶಿಕ್ಷಕರ ತರಬೇತಿ ಶಾಲೆಯಲ್ಲಿಯೂ ಪಾಠ ಆರಂಭಿಸಿದರು. ಆ ಕಾಲದ ಜಪಾನ್ ಪಶ್ಚಿಮದ ವಿದ್ಯೆಗಳನ್ನೆಲ್ಲ ಅವಸರದಿಂದ ಕಲಿಯುತ್ತಿತ್ತು. ಅದಕ್ಕಾಗಿ ಸಣ್ಣ ಊರುಗಳ ಸರ್ಕಾರಿ ಶಾಲೆಗಳೂ ವಿದೇಶಿಯರನ್ನು ಹೆಚ್ಚಿನ ಸಂಬಳ ಕೊಟ್ಟು ಕರೆಸುತ್ತಿದ್ದವು.

ಶಾಲೆಯಲ್ಲಿ ಅವರ ಕೈ ಹಿಡಿದು ನಡೆಸಿದವರು ಸಹೋದ್ಯೋಗಿ ನಿಶಿದಾ ಸೆಂತಾರೊ. ಇಂಗ್ಲಿಷ್ ಬಲ್ಲ ನಿಶಿದಾ ಅವರು ಎಲ್ಲಿ ನಮಸ್ಕರಿಸಬೇಕು, ಯಾವ ತರಗತಿಗೆ ಯಾವ ಹೊತ್ತಿಗೆ ಹೋಗಬೇಕು, ಅಧಿಕಾರಿಗಳ ಮುಂದೆ ಹೇಗಿರಬೇಕು ಎಂಬುದನ್ನೆಲ್ಲ ಹೇಳಿಕೊಟ್ಟರು. ಹೊಸ ಶಾಲೆಗೆ ವರ್ಗವಾಗಿ ಹೋದ ಯಾವ ಶಿಕ್ಷಕರಿಗಾದರೂ ಇಂಥ ಒಬ್ಬ ಸಹೋದ್ಯೋಗಿ ಎಷ್ಟು ದೊಡ್ಡ ಆಸರೆ ಎಂಬುದು ಗೊತ್ತಿರುತ್ತದೆ. ಮೇಷ್ಟ್ರು ಒಳಗೆ ಬಂದ ಕೂಡಲೇ ಹುಡುಗರೆಲ್ಲ ಎದ್ದು ಬಾಗಿ ವಂದಿಸುತ್ತಿದ್ದರು, ಮೇಷ್ಟ್ರೂ ಬಾಗಬೇಕು. ಬಿಡುವಿನ ವೇಳೆ ಶಿಕ್ಷಕರ ಕೊಠಡಿಯಲ್ಲಿ ಇದ್ದಿಲ ಅಗ್ಗಿಷ್ಟಿಕೆಯ ಸುತ್ತ ಕುಳಿತು ಚಹಾ, ತಂಬಾಕು. ಗದರಿಕೆ, ಹೊಡೆತ ಇಲ್ಲದೆಯೇ ಅಲ್ಲಿ ಶಿಸ್ತು ಇದ್ದುದನ್ನು ಕಂಡು ಹರ್ನ್ ಅವರಿಗೆ ಆಶ್ಚರ್ಯವಾಯಿತು.

ಇಂಗ್ಲಿಷ್ ಪ್ರಬಂಧ ಬರೆಸುವುದು ಅವರ ಮುಖ್ಯ ಕೆಲಸಗಳಲ್ಲಿ ಒಂದು. ನಮ್ಮಲ್ಲಿ ಹಸುವಿನ ಮೇಲೆ, ದೀಪಾವಳಿಯ ಮೇಲೆ ಬರೆಸುವ ಹಾಗೆ ಅವರೂ ಹುಡುಗರಿಗೆ ಗೊತ್ತಿರುವ ವಿಷಯಗಳನ್ನೇ ಕೊಟ್ಟರು. ಫ್ಯೂಜಿ ಪರ್ವತದ ಬಗ್ಗೆ ಬರೆಯಲು ಹೇಳಿದರೆ ಹೆಚ್ಚುಕಡಿಮೆ ಎಲ್ಲರೂ ಅದನ್ನು ತಲೆಕೆಳಗಾಗಿ ಹಿಡಿದ ಬೀಸಣಿಗೆಗೆ ಹೋಲಿಸುತ್ತಿದ್ದರು. ಬೇರೆ ಮೇಷ್ಟ್ರಾಗಿದ್ದರೆ ನಕಲು ಹೊಡೆದಿದ್ದಾರೆ ಎಂದು ಕೆಂಪು ಗೀಟು ಎಳೆಯುತ್ತಿದ್ದರೇನೋ. ಹರ್ನ್ ಹಾಗೆ ಮಾಡಲಿಲ್ಲ. ಇದು ನಕಲಲ್ಲ, ಈ ಮಕ್ಕಳು ಹಾಡಿನಲ್ಲಿ, ಚಿತ್ರದಲ್ಲಿ, ಕಥೆಯಲ್ಲಿ ಈ ಹೋಲಿಕೆಗಳನ್ನು ಚಿಕ್ಕಂದಿನಿಂದ ಉಂಡು ಬೆಳೆದಿದ್ದಾರೆ, ಇಡೀ ಜನಾಂಗದ ನೆನಪು ಇವರ ಹರುಕುಮುರುಕು ಇಂಗ್ಲಿಷಿನಲ್ಲಿ ಬರುತ್ತಿದೆ ಎಂದು ಅವರು ಅರ್ಥ ಮಾಡಿಕೊಂಡರು. ತಪ್ಪು ತಿದ್ದಲು ತೆಗೆದುಕೊಂಡ ಪುಸ್ತಕಗಳಿಂದಲೇ ಆ ದೇಶವನ್ನು ಓದತೊಡಗಿದರು.

ಒಮ್ಮೆ ಅವರು ಕೊಟ್ಟ ವಿಷಯ, ಮನುಷ್ಯರು ಯಾವುದನ್ನು ಬಹುಕಾಲ ನೆನಪಿಟ್ಟುಕೊಳ್ಳುತ್ತಾರೆ ಎಂಬುದು. ಹುಡುಗನೊಬ್ಬ ತನ್ನ ತಾಯಿ ತೀರಿಕೊಂಡ ದಿನದ ಬಗ್ಗೆ ಬರೆದಿದ್ದ. ಆಗ ಅವನಿಗೆ ನಾಲ್ಕು ವರ್ಷ. ಚಳಿಗಾಲ, ಮನೆಯ ಸುತ್ತ ಬೀಸುವ ಗಾಳಿ, ಎಲೆಯುದುರಿದ ಮರಗಳು, ದೂರದಲ್ಲಿ ಹಕ್ಕಿಗಳ ಕೂಗು. ಕೆಲವೇ ಸಾಲುಗಳ ಆ ಪ್ರಬಂಧವನ್ನು ಹರ್ನ್ ಮುಂದೆ ತಮ್ಮ ಪುಸ್ತಕದಲ್ಲಿ ಸೇರಿಸಿದರು. ನಾಲ್ಕನೆಯ ವಯಸ್ಸಿನಲ್ಲಿ ತಾಯಿಯನ್ನು ಕಳೆದುಕೊಂಡ ಮೇಷ್ಟ್ರು ಆ ಪುಟವನ್ನು ಎಷ್ಟು ಹೊತ್ತು ಕೈಯಲ್ಲಿ ಹಿಡಿದಿದ್ದರೋ ನಾವು ಊಹಿಸಿಕೊಳ್ಳಬೇಕಷ್ಟೆ.

ಸಂಜೆ ಹುಡುಗರು ಮೇಷ್ಟ್ರ ಮನೆಗೆ ಬರುತ್ತಿದ್ದರು, ಮನೆಯಲ್ಲಿದ್ದ ಹಳೆಯ ಚಿತ್ರಪಟ, ಅಪರೂಪದ ವಸ್ತುಗಳನ್ನು ತಂದು ತೋರಿಸುತ್ತಿದ್ದರು. ಅವರಲ್ಲಿ ಒಬ್ಬ ಬಡಗಿಯ ಮಗ. ಓದಿಸುವ ಶಕ್ತಿ ತಂದೆಗಿರಲಿಲ್ಲ, ಹುಡುಗನ ಬುದ್ಧಿ ನೋಡಿ ಊರಿನ ಸಿರಿವಂತರೊಬ್ಬರು ಖರ್ಚು ವಹಿಸಿಕೊಂಡಿದ್ದರು. ಅತಿಯಾಗಿ ಓದಿ ಓದಿ ಅವನು ಹಾಸಿಗೆ ಹಿಡಿದ. ಸಾಯುವ ಮುನ್ನ ಒಂದು ರಾತ್ರಿ, ಶಾಲೆಯನ್ನು ಇನ್ನೊಮ್ಮೆ ನೋಡಬೇಕೆಂದು ಹಠ ಹಿಡಿದ. ಮನೆಯ ನಂಬಿಕಸ್ಥ ಮುದುಕನೊಬ್ಬ ಅವನನ್ನು ಬೆನ್ನ ಮೇಲೆ ಹೊತ್ತುಕೊಂಡು ಕತ್ತಲಲ್ಲಿ ಶಾಲೆಗೆ ನಡೆದ. ಹುಡುಗ ಕಣ್ತುಂಬ ನೋಡಿ ಮನೆಗೆ ಮರಳಿದ, ಸ್ವಲ್ಪದರಲ್ಲೇ ತೀರಿಕೊಂಡ. ಈ ಸಂಗತಿಯನ್ನು ಹರ್ನ್ ಯಾವ ಆಡಂಬರವೂ ಇಲ್ಲದೆ ತಮ್ಮ ದಿನಚರಿಯಂಥ ಅಧ್ಯಾಯದಲ್ಲಿ ಬರೆದಿಟ್ಟಿದ್ದಾರೆ. 1894ರಲ್ಲಿ ಹೊರಬಂದ ಜಪಾನ್ ಕುರಿತ ಅವರ ಮೊದಲ ಪುಸ್ತಕದಲ್ಲಿ ಅದಿದೆ. ಶಿಕ್ಷಕ ವೃತ್ತಿಯ ಬಗ್ಗೆ ನಾನು ಓದಿದ್ದರಲ್ಲಿ ಇದಕ್ಕೆ ಸಮನಾದದ್ದು ಬಹಳ ಕಡಿಮೆ.

ದಿನನಿತ್ಯದ ಬದುಕು ಸುಲಭವಾಗಿರಲಿಲ್ಲ. ಮೊದಲು ಇಳಿದುಕೊಂಡಿದ್ದ ವಸತಿಗೃಹದಲ್ಲಿ ಪುಟ್ಟ ಹುಡುಗಿಯೊಬ್ಬಳಿಗೆ ಕಣ್ಣುಬೇನೆ. ಮಾಲೀಕ ಅವಳನ್ನು ವೈದ್ಯರ ಬಳಿ ಕರೆದೊಯ್ಯಲಿಲ್ಲವೆಂದು ಸಿಟ್ಟಾಗಿ ಹರ್ನ್ ಆ ಜಾಗವನ್ನೇ ಬಿಟ್ಟರು, ಹುಡುಗಿಯ ಚಿಕಿತ್ಸೆಗೆ ತಾವೇ ಹಣ ಕೊಟ್ಟರು. ಕಣ್ಣಿನ ಬೆಲೆ ಅವರಿಗೆ ಗೊತ್ತಿತ್ತು. ಮೊದಲ ಚಳಿಗಾಲದಲ್ಲೇ ಕಾಯಿಲೆ ಬಿದ್ದರು. ಮನೆ ನೋಡಿಕೊಳ್ಳಲು ಬಂದವರು ಸೆತ್ಸು, ವಯಸ್ಸು ಇಪ್ಪತ್ತರ ಆಚೀಚೆ. ಒಂದು ಕಾಲಕ್ಕೆ ಸ್ಥಿತಿವಂತರಾಗಿದ್ದು, ಹೊಸ ಆಡಳಿತ ಬಂದ ಮೇಲೆ ದಿಕ್ಕೆಟ್ಟ ಸಮುರಾಯ್ ಮನೆತನದ ಮಗಳು. ಮಗ್ಗದಲ್ಲಿ ಬಟ್ಟೆ ನೇಯ್ದು ಹೆತ್ತವರನ್ನು ಸಾಕುತ್ತಿದ್ದವರು. ಇಬ್ಬರೂ ಸತಿಪತಿಗಳಾದರು. ಅವರಿಗೆ ಇಂಗ್ಲಿಷ್ ಬಾರದು, ಇವರಿಗೆ ಜಪಾನಿ ಸರಿಯಾಗಿ ಬಾರದು. ವ್ಯಾಕರಣವನ್ನೆಲ್ಲ ಕಳಚಿಹಾಕಿದ ಒಂದು ಮನೆಮಾತನ್ನು ಇಬ್ಬರೇ ಕಟ್ಟಿಕೊಂಡರು.

ಹಳೆಯ ಸಮುರಾಯ್ ಮನೆಯೊಂದನ್ನು ಬಾಡಿಗೆಗೆ ಹಿಡಿದು, ಶಾಲೆಯಿಂದ ಬಂದೊಡನೆ ಕೋಟು ಕಳಚಿ ಕಿಮೊನೊ ಉಟ್ಟು, ಚಾಪೆಯ ಮೇಲೆ ಕುಳಿತು ತೋಟ ನೋಡುವುದು ಅವರ ನಿತ್ಯದ ಸುಖವಾಗಿತ್ತು. ಹಾವೊಂದು ಕೊಳದ ಕಪ್ಪೆಗಳನ್ನು ಹಿಡಿಯದಿರಲೆಂದು ತಮ್ಮ ತಟ್ಟೆಯ ಊಟವನ್ನೇ ಅದಕ್ಕೆ ಹಾಕುತ್ತಿದ್ದರಂತೆ. ಆ ಮನೆ ಇಂದಿಗೂ ಮತ್ಸುಯೆಯಲ್ಲಿದೆ.

ಚಳಿ ತಡೆಯಲಾಗದೆ, ಸೆತ್ಸುವಿನ ಬಂಧುಗಳ ಭಾರವೂ ಹೆಗಲಿಗೆ ಬಿದ್ದಿದ್ದರಿಂದ, 1891ರ ನವೆಂಬರ್‌ನಲ್ಲಿ ಅವರು ಹೆಚ್ಚು ಸಂಬಳದ ಕೆಲಸಕ್ಕಾಗಿ ದಕ್ಷಿಣದ ಕುಮಾಮೊಟೊ ನಗರಕ್ಕೆ ಹೋದರು. ಮತ್ಸುಯೆಯಲ್ಲಿ ಕಲಿಸಿದ್ದು ಒಂದು ವರ್ಷ, ಎರಡೂವರೆ ತಿಂಗಳು. ಅಷ್ಟೇ. ಕುಮಾಮೊಟೊ ಶಾಲೆಯ ಮುಖ್ಯಸ್ಥರು ಜೂಡೊ ವಿದ್ಯೆಯನ್ನು ರೂಪಿಸಿದ ಕಾನೊ ಜಿಗೊರೊ. ಅಲ್ಲಿನ ವಿದ್ಯಾರ್ಥಿಗಳು ದೊಡ್ಡವರು, ಬಿಗಿ ಮುಖದವರು, ಮೇಷ್ಟ್ರ ಮನೆಗೆ ಬರುವವರಲ್ಲ. 1893ರಲ್ಲಿ ಹಿರಿಯ ಮಗ ಕಜುವೊ ಹುಟ್ಟಿದಾಗ ಚೀನೀ ಶಾಸ್ತ್ರಗ್ರಂಥಗಳನ್ನು ಕಲಿಸುತ್ತಿದ್ದ ವೃದ್ಧ ಅಧ್ಯಾಪಕರೊಬ್ಬರು ಉಡುಗೊರೆ ಹಿಡಿದು ಮನೆಗೆ ಬಂದಿದ್ದು ಅವರಿಗೆ ದೊಡ್ಡ ಸಂತೋಷ. ಮೂರು ವರ್ಷದ ಬಳಿಕ ಅದನ್ನೂ ಬಿಟ್ಟು ಕೋಬೆಯ ಪತ್ರಿಕೆಯೊಂದಕ್ಕೆ ಸೇರಿದರು. ಉಳಿದಿದ್ದ ಒಂದು ಕಣ್ಣೂ ಕೈಕೊಡುವ ಹಂತಕ್ಕೆ ಬಂದಾಗ ಆ ಕೆಲಸ ನಿಂತಿತು.

ಈಗ ಎದುರಾಗಿದ್ದು ಮಗನ ಭವಿಷ್ಯದ ಪ್ರಶ್ನೆ. ತಾವು ಬ್ರಿಟಿಷ್ ಪ್ರಜೆಯಾಗಿಯೇ ಇದ್ದು ಮದುವೆಯನ್ನು ಕಾನೂನುಬದ್ಧ ಮಾಡಿದರೆ ಹೆಂಡತಿ ಮಕ್ಕಳು ತಮ್ಮ ದೇಶದಲ್ಲೇ ಪರದೇಶಿಗಳಾಗುತ್ತಿದ್ದರು. ಮದುವೆ ದಾಖಲಾಗದಿದ್ದರೆ ಆಸ್ತಿಯ ಹಕ್ಕಿಲ್ಲ. ಆದ್ದರಿಂದ 1896ರಲ್ಲಿ ಹರ್ನ್ ತಾವೇ ಜಪಾನಿನ ಪ್ರಜೆಯಾಗಿ, ಸೆತ್ಸುವಿನ ಕೊಯಿಜುಮಿ ಮನೆತನಕ್ಕೆ ಸೇರಿದರು. ಇಟ್ಟುಕೊಂಡ ಹೆಸರು ಯಾಕುಮೊ, ಅಂದರೆ ಎಂಟು ಮೋಡಗಳು. ಮತ್ಸುಯೆ ಇರುವ ಇಜುಮೊ ನಾಡಿಗೆ ಹಳೆಯ ಕಾವ್ಯದಲ್ಲಿರುವ ವಿಶೇಷಣ ಅದು. ಹೆಂಡತಿಯ ಮನೆತನದ ಹೆಸರು, ಹೆಂಡತಿಯ ನಾಡಿನ ಹೆಸರು. ಅಪ್ಪ ಕೊಟ್ಟ ಹೆಸರಿನಲ್ಲಿ ಏನೂ ಉಳಿಯಲಿಲ್ಲ.

ಅದೇ ವರ್ಷ ಟೋಕಿಯೊ ಇಂಪೀರಿಯಲ್ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಸಾಹಿತ್ಯ ಕಲಿಸುವ ಹುದ್ದೆ ದೊರೆಯಿತು. ಅವರು ಸಹೋದ್ಯೋಗಿಗಳೊಡನೆ ಬೆರೆಯುತ್ತಿರಲಿಲ್ಲ, ಬಿಡುವಿನಲ್ಲಿ ಒಬ್ಬರೇ ಆವರಣದಲ್ಲಿ ಸುತ್ತಾಡುತ್ತಿದ್ದರು. ತರಗತಿಯಲ್ಲಿ ಮಾತ್ರ ಬೇರೆಯೇ ಮನುಷ್ಯ. ವಿದ್ಯಾರ್ಥಿಗಳು ಬರೆದುಕೊಳ್ಳಲು ಅನುಕೂಲವಾಗುವಂತೆ ಸರಳ ಇಂಗ್ಲಿಷಿನಲ್ಲಿ, ನಿಧಾನವಾಗಿ ಉಪನ್ಯಾಸ ಮಾಡುತ್ತಿದ್ದರು. ಹಾಗೆ ಬರೆದುಕೊಂಡ ನೋಟ್ಸುಗಳೇ ಅವರ ಮರಣಾನಂತರ ಅಮೆರಿಕದಲ್ಲಿ ಗ್ರಂಥಗಳಾಗಿ ಅಚ್ಚಾದವು.

ಮನೆಯಲ್ಲಿಯೂ ಪಾಠ ತಪ್ಪಲಿಲ್ಲ. ಹಳೆಯ ಪತ್ರಿಕೆಯ ಹಾಳೆಗಳ ಮೇಲೆ ಕುಂಚದಿಂದ ದೊಡ್ಡ ಅಕ್ಷರಗಳನ್ನು ಬರೆದು ಕಜುವೊಗೆ ತಾವೇ ಇಂಗ್ಲಿಷ್ ಕಲಿಸಿದರು. ಊರ ಮಕ್ಕಳ ಮೇಲಿದ್ದ ತಾಳ್ಮೆ ಸ್ವಂತ ಮಗನ ಮೇಲೆ ಇರಲಿಲ್ಲವೆಂದು ಕಾಣುತ್ತದೆ, ಬಹಳ ಕಟ್ಟುನಿಟ್ಟು. ರಾತ್ರಿ ಸೆತ್ಸು ಹಳೆಯ ದೆವ್ವದ ಕಥೆಗಳನ್ನು ಹೇಳಬೇಕು. ಪುಸ್ತಕ ನೋಡಿ ಓದುವಂತಿಲ್ಲ, ಸ್ವಂತ ಮಾತಿನಲ್ಲಿ ಹೇಳಬೇಕು. ಮರುದಿನ ಹರ್ನ್ ಕಾಗದ ಕಣ್ಣಿಗೆ ಹತ್ತಿರವಾಗಲೆಂದು ಮಾಡಿಸಿದ ಎತ್ತರದ ಮೇಜಿನ ಮೇಲೆ ಮುಖವಿಟ್ಟಂತೆ ಬಾಗಿ ಬರೆಯುತ್ತಿದ್ದರು. 1904ರ 'ಕ್ವೈದಾನ್' ಸಂಕಲನ ಹುಟ್ಟಿದ್ದು ಹೀಗೆ.

1903ರಲ್ಲಿ ವಿಶ್ವವಿದ್ಯಾಲಯ ಅವರ ಸೇವೆ ಮುಂದುವರಿಸುವುದಿಲ್ಲವೆಂದು ಪತ್ರ ಕಳಿಸಿತು. ವಿದ್ಯಾರ್ಥಿಗಳು ಪ್ರತಿಭಟಿಸಿದರು. ಕಡಿಮೆ ಅವಧಿ, ಕಡಿಮೆ ಸಂಬಳದ ಮಾತು ಬಂದಾಗ ಹರ್ನ್ ಒಪ್ಪಲಿಲ್ಲ. ನಾಲ್ಕನೆಯ ಮಗು ಹುಟ್ಟಿದ ವರ್ಷ ಅದು. ಅವರ ಜಾಗಕ್ಕೆ ಬಂದವರಲ್ಲಿ ಮುಂದೆ ಮಹಾನ್ ಕಾದಂಬರಿಕಾರರಾದ ನಾತ್ಸುಮೆ ಸೊಸೆಕಿ ಒಬ್ಬರು. ಹಳೆಯ ಮೇಷ್ಟ್ರ ಪಾಠಕ್ಕೆ ಒಗ್ಗಿದ್ದ ಹುಡುಗರು ಸೊಸೆಕಿಯವರನ್ನು ಮೊದಮೊದಲು ಬಹಳ ಕಾಡಿದರು. 1904ರಲ್ಲಿ ವಾಸೆದಾ ವಿಶ್ವವಿದ್ಯಾಲಯ ಹರ್ನ್ ಅವರನ್ನು ಕರೆದು ಗೌರವಿಸಿತು. ಅಲ್ಲಿ ಕೆಲವೇ ತಿಂಗಳು ಕಲಿಸಿದ್ದರು. ಆ ವರ್ಷದ ಸೆಪ್ಟೆಂಬರ್ 26ರಂದು ಹೃದಯದ ಕಾಯಿಲೆಯಿಂದ ತೀರಿಕೊಂಡಾಗ ಅವರಿಗೆ 54 ವರ್ಷ. ಟೋಕಿಯೊದ ಜೋಶಿಗಾಯಾ ಸ್ಮಶಾನದಲ್ಲಿ ಅವರ ಸಮಾಧಿ ಇದೆ.

ಸೆತ್ಸು 1932ರವರೆಗೆ ಬದುಕಿದ್ದು ಮಕ್ಕಳನ್ನು ಬೆಳೆಸಿದರು, ಗಂಡನ ಬಗ್ಗೆ ಚಿಕ್ಕದೊಂದು ನೆನಪಿನ ಪುಸ್ತಕವನ್ನೂ ಕೊಟ್ಟರು. ಮದುವೆಯಾದ ಹೊಸತರಲ್ಲಿ ಅವರು ಇಂಗ್ಲಿಷ್ ಕಲಿಯಲು ಇಟ್ಟುಕೊಂಡಿದ್ದ ನೋಟ್‌ಪುಸ್ತಕವೊಂದು ಉಳಿದು ಬಂದಿದೆ. ಅದರಲ್ಲಿ ಇಂಗ್ಲಿಷ್ ಪದಗಳು ಇಂಗ್ಲಿಷ್ ಲಿಪಿಯಲ್ಲಿಲ್ಲ. ಹರ್ನ್ ಉಚ್ಚರಿಸಿದ್ದು ಕಿವಿಗೆ ಹೇಗೆ ಕೇಳಿಸಿತೋ ಹಾಗೆಯೇ ಜಪಾನಿ ಅಕ್ಷರಗಳಲ್ಲಿ ಬರೆದಿಟ್ಟಿದ್ದಾರೆ.