ಸೀವರ್ಟ್: ಅಳತೆಯಾಗಿ ಉಳಿದ ಹೆಸರು

ಸಿಟಿ ಸ್ಕ್ಯಾನ್ ಬಗ್ಗೆ ಓದುವಾಗ ಮಿಲಿಸೀವರ್ಟ್ ಅನ್ನೋ ಪದ ನಾವೆಲ್ಲ ನೋಡಿರ್ತೀವಿ. ಅದರೊಳಗೆ ಒಬ್ಬರ ಹೆಸರಿದೆ ಅನ್ನೋದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

ರೋಲ್ಫ್ ಸೀವರ್ಟ್ ಹುಟ್ಟಿದ್ದು 1896ರಲ್ಲಿ, ಸ್ವೀಡನ್ನಿನ ಸ್ಟಾಕ್‌ಹೋಮ್‌ನಲ್ಲಿ. ತಂದೆಗೆ ಕೇಬಲ್ ಕಾರ್ಖಾನೆ ಇತ್ತು. ಮಗ ಹಿಡಿದದ್ದು ಭೌತಶಾಸ್ತ್ರದ ದಾರಿ. 1924ರಲ್ಲಿ ಅವರು ರೇಡಿಯಮ್‌ಹೆಮೆಟ್ ಎಂಬ ಕ್ಯಾನ್ಸರ್ ಆಸ್ಪತ್ರೆಯ ಭೌತಶಾಸ್ತ್ರ ಪ್ರಯೋಗಾಲಯದ ಮುಖ್ಯಸ್ಥರಾದರು.

ಆ ಕಾಲದಲ್ಲಿ ಚರ್ಮ ಎಷ್ಟು ಕೆಂಪಾಯ್ತು ಅಂತ ನೋಡಿ ಎಕ್ಸ್‌ರೇ ಪ್ರಮಾಣ ಅಂದಾಜು ಮಾಡೋದೂ ಇತ್ತು. ಕಡಿಮೆಯಾದರೆ ಗಡ್ಡೆ ಉಳಿಯುತ್ತೆ, ಹೆಚ್ಚಾದರೆ ರೋಗಿಯ ಮೈ ಸುಡುತ್ತೆ. ಸೀವರ್ಟ್ ಪುಟ್ಟ ಅಯಾನೀಕರಣ ಕೋಶಗಳನ್ನು ರೂಪಿಸಿದರು. ಆಸ್ಪತ್ರೆಯಿಂದ ಆಸ್ಪತ್ರೆಗೆ ಹೋಗಿ ಯಂತ್ರಗಳನ್ನು ಪರೀಕ್ಷಿಸುವ ವ್ಯವಸ್ಥೆ ಕಟ್ಟಿದರು.

ಮೂಡಿಗೆರೆ, ಕಳಸದ ಕಡೆಯ ಗೆಳೆಯರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ. ತೂಕದ ಲೆಕ್ಕದಲ್ಲಿ ಕಾಫಿ ಹಣ್ಣು ಕುಯ್ಯುವವರ ಕೂಲಿ ನಿಂತಿರೋದೇ ತಕ್ಕಡಿಯ ಮೇಲೆ. ತಕ್ಕಡಿ ಸರಿಯಿದೆಯಾ ಅಂತ ನೋಡೋಕೆ ತೂಕ ಗೊತ್ತಿರೋ ಕಲ್ಲು ಬೇಕು. ಕ್ಯಾಲಿಬ್ರೇಷನ್ ಅಂದರೆ ಅದೇ.

ಮುಂದೆ ಸೀವರ್ಟ್ ಇನ್ನೂ ಕಷ್ಟದ ಕೆಲಸಕ್ಕೆ ಕೈಹಾಕಿದರು: ಮನುಷ್ಯನ ದೇಹದಿಂದಲೇ ಹೊರಬರುವ ಗಾಮಾ ಕಿರಣಗಳನ್ನು ಅಳೆಯೋದು. ನಮ್ಮೆಲ್ಲರ ಮೈಯಲ್ಲೂ ಪೊಟ್ಯಾಸಿಯಂ-40 ಇದೆ. ವಯಸ್ಕರಲ್ಲಿ ಸೆಕೆಂಡಿಗೆ ಸುಮಾರು 4000 ಪರಮಾಣುಗಳು ಕ್ಷಯಿಸುತ್ತವೆ. ಆದರೆ ಹೊರಗಿನ ಕೌಂಟ್ ನೋಡಿ ಒಳಗೆಷ್ಟಿದೆ ಅಂತ ಹೇಳೋದು ಹೇಗೆ? ಮೂಳೆ, ಕೊಬ್ಬು, ಮೈಕಟ್ಟು ಎಲ್ಲವೂ ಉತ್ತರ ಬದಲಿಸುತ್ತವೆ. ಕ್ಯಾಲಿಬ್ರೇಷನ್‌ಗೋಸ್ಕರ ಜೀವಂತ ಮನುಷ್ಯನೊಳಗೆ ವಿಕಿರಣ ವಸ್ತು ತುಂಬೋಕಂತೂ ಆಗಲ್ಲ.

ಅದಕ್ಕೇ ಫ್ಯಾಂಟಮ್ ಅನ್ನೋ ಬದಲಿ ದೇಹಗಳು ಬಂದವು. ಮೊದಲು ನೀರು, ಪ್ಲಾಸ್ಟಿಕ್‌ನವು. ಆಮೇಲೆ ಕಂಪ್ಯೂಟರ್‌ನಲ್ಲಿ ಕಟ್ಟಿದವು. ಸೀವರ್ಟ್ 1956ರಿಂದ 1962ರವರೆಗೆ ಅಧ್ಯಕ್ಷರಾಗಿದ್ದ ಅಂತರರಾಷ್ಟ್ರೀಯ ವಿಕಿರಣ ಸುರಕ್ಷಾ ಆಯೋಗವೇ 2009ರಲ್ಲಿ, ಸ್ಕ್ಯಾನ್ ಚಿತ್ರಗಳಿಂದ ರೂಪಿಸಿದ ವಯಸ್ಕ ಗಂಡು, ಹೆಣ್ಣಿನ ಮಾದರಿಗಳನ್ನು ಪ್ರಕಟಿಸಿತು. ನಾವು ಲ್ಯಾಬ್‌ನಲ್ಲಿ ಕೇಳುವ ಮಾಂಟೆ ಕಾರ್ಲೊ ವಿಧಾನ ಅಂಥ ದೇಹದೊಳಗೆ ಒಂದೊಂದೇ ಫೋಟಾನ್‌ನ ಬೆನ್ನುಹತ್ತುತ್ತೆ; ನೂರು ಹೊರಟರೆ ಡಿಟೆಕ್ಟರ್‌ಗೆ ಎಷ್ಟು ಸಿಗುತ್ತವೆ ಅಂತ ಲೆಕ್ಕ ಕೊಡುತ್ತೆ. ಕೈಗಾದಂಥ ಅಣುಸ್ಥಾವರದ ಕೆಲಸಗಾರರನ್ನು ಪರೀಕ್ಷಿಸುವಾಗ ಬೇಕಾಗೋದು ಇಂಥ ಲೆಕ್ಕವೇ.

ಸೀವರ್ಟ್ 1966ರಲ್ಲಿ ತೀರಿಕೊಂಡರು. 1979ರಲ್ಲಿ ಅವರ ಹೆಸರು ಅಳತೆಯ ಮಾನವಾಯಿತು. ವಿಶೇಷ ಏನಪ್ಪಾ ಅಂದರೆ, ದೇಹದೊಳಗಿನ ಅಂಗಕ್ಕೆ ಬಿದ್ದ ಸೀವರ್ಟನ್ನು ಯಾವ ಮೀಟರೂ ನೇರವಾಗಿ ಓದಲ್ಲ. ಅಳತೆ, ಮಾದರಿ ಎರಡೂ ಸೇರಿದರೇನೇ ಆ ಸಂಖ್ಯೆ ಹುಟ್ಟೋದು. ಆ ಮಾದರಿ ಬರೆಯೋ ಕೋಡ್ ನಾಳೆ ನಮ್ಮಲ್ಲೊಬ್ಬರದೇ ಆಗಿರಬಹುದು. ಅದು ತಪ್ಪಿದರೆ ತಪ್ಪೋದು ಒಬ್ಬ ಮನುಷ್ಯನ ಲೆಕ್ಕ.