ಪ್ಲೇಗಿನ ಮುಂಬಯಿ ಮತ್ತು ಹಾಫ್‌ಕಿನ್ ಮಹಾಶಯರು

ವಿಲೆ ಪಾರ್ಲೆಯ ದವಾಖಾನೆಗಳಲ್ಲಿ ಮಕ್ಕಳಿಗೆ ನಿಶ್ಚಿಂತೆಯಿಂದ ಲಸಿಕೆ ಹಾಕಿಸುವ ನಾವು ವಾಲ್ಡೆಮರ್ ಹಾಫ್‌ಕಿನ್‌ರನ್ನು ಸ್ಮರಿಸುವುದು ಉಚಿತವಾಗಿದೆ. 1860ರಲ್ಲಿ ಒಡೆಸಾ ನಗರದಲ್ಲಿ ಜನಿಸಿದ ಈ ವಿಜ್ಞಾನಿ, 1896ರಲ್ಲಿ ಮುಂಬಯಿಗೆ ಪ್ಲೇಗು ತಗುಲಿದಾಗ ಕಲಕತ್ತೆಯಿಂದ ಬಂದು, ಗ್ರ್ಯಾಂಟ್ ವೈದ್ಯಕೀಯ ಕಾಲೇಜಿನಲ್ಲಿ ಲಸಿಕೆಯನ್ನು ಸಿದ್ಧಪಡಿಸಿದರು. 1897ರ ಜನವರಿ 10ರಂದು ಅದನ್ನು ಮೊದಲು ತಮ್ಮ ದೇಹಕ್ಕೇ ಚುಚ್ಚಿಸಿಕೊಂಡರು. ನಮ್ಮ ಹುಬ್ಬಳ್ಳಿಯಲ್ಲೂ ಸಹಸ್ರಾರು ಜನ ಅದನ್ನು ಪಡೆದರು.

1902ರಲ್ಲಿ ಪಂಜಾಬಿನ ಮುಲ್ಕೋವಾಲದಲ್ಲಿ ಲಸಿಕೆ ಪಡೆದ 19 ಮಂದಿ ಧನುರ್ವಾಯುವಿನಿಂದ ಮಡಿದರು. ಅಪವಾದ ಹಾಫ್‌ಕಿನ್‌ರ ಮೇಲೆ ಬಂದು ಅವರು ಪದವಿ ಕಳೆದುಕೊಂಡರು. ಸೀಸೆಯನ್ನು ತೆರೆದ ಸ್ಥಳದಲ್ಲಿಯೇ ಸೋಂಕು ತಗುಲಿರಬೇಕೆಂದು ಹಿರಿಯ ವಿಜ್ಞಾನಿಗಳು ವಾದಿಸಿದರು. 1907ರಲ್ಲಿ ಕಳಂಕ ತೊಳೆಯಿತು. 1925ರಲ್ಲಿ ಪರೇಲಿನ ಪ್ರಯೋಗಾಲಯಕ್ಕೆ ಅವರ ಹೆಸರನ್ನಿಡಲಾಯಿತು. 1930ರಲ್ಲಿ ಅವರು ಕಾಲವಾದರು.

ಔಷಧವೆಷ್ಟೇ ಉತ್ತಮವಾದರೂ ಅದನ್ನು ಕೊಡುವ ಕೈ ಶುಚಿಯಾಗಿರಬೇಕೆಂಬ ಪಾಠವನ್ನು ಅವರ ಬಾಳಿನಿಂದ ನಾವು ಕಲಿಯಬೇಕಾಗಿದೆ.